ಬ್ಯೋಮಕೇಶನೂ ಅಜ್ಜಿಯ ಗುಳಿಗೆಯೂ

ಬಾಸು ಚಟರ್ಜಿಯವರ 'ಬ್ಯೋಮಕೇಶ್ ಬಕ್ಷಿ' ದೂರದರ್ಶನದಲ್ಲಿ ಮೊದಲು ಬಂದದ್ದು 1993ರಲ್ಲಿ, ನಾನು ಹುಟ್ಟೋಕೂ ಮುಂಚೆ. 2020ರ ಲಾಕ್‌ಡೌನಿನಲ್ಲಿ ಮತ್ತೆ ಹಾಕಿದಾಗ ಯಶವಂತನಗರದ ಮನೆಯಲ್ಲಿ ಅಜ್ಜಿಗೆ ಹಿಂದಿ ಬಿಡಿಸಿ ಹೇಳುತ್ತಾ ನೋಡಿದೆ. ಮೊದಲ ಕಂತು 'ಸತ್ಯಾನ್ವೇಷಿ'. (ನೋಡಿಲ್ಲದವರು ಇಲ್ಲಿಗೇ ನಿಲ್ಲಿಸಿ, ಕಥೆ ಒಡೆಯುತ್ತಿದ್ದೇನೆ!)

ರಜಿತ್ ಕಪೂರ್ ಅಂದ್ರೆ ನನಗೆ ಪ್ರಾಣ. ಅಬ್ಬರವಿಲ್ಲ, ಕಣ್ಣಲ್ಲೇ ಪತ್ತೇದಾರಿಕೆ. ಆದ್ರೆ ಅತುಲ್ ಅನ್ನೋ ಸುಳ್ಳು ಹೆಸರಲ್ಲಿ ಆತ ಮೆಸ್ಸಿಗೆ ಬಂದಾಗ ಅಜಿತ್‌ ಮೋಸಹೋಗ್ತಾನೆ, ನಾವು ಹೋಗಲ್ಲ. ಮುಖ ಗೊತ್ತಲ್ಲ! ಇನ್ನು ಕೊಲೆಗಾರ... ಎಲ್ಲರಿಗೂ ಬೇಕಾದ ಹೋಮಿಯೋಪತಿ ಡಾಕ್ಟರ್ ಅನುಕೂಲ್ ಬಾಬು. ಔಷಧದ ಮರೆಯಲ್ಲಿ ಕೊಕೇನ್ ವ್ಯಾಪಾರ. ಇಷ್ಟು ಒಳ್ಳೆಯವನು ಏಕಾಏಕಿ ಕೆಟ್ಟವನಾಗೋದು ನನಗೆ ಅಷ್ಟಾಗಿ ಒಗ್ಗಲಿಲ್ಲ. ಒಳ್ಳೆಯತನವೇ ಸುಳಿವು ಅಂದರೆ ಹೇಗೆ ಸ್ವಾಮಿ?

ಅಜ್ಜಿಗೆ ಮಾತ್ರ ಪೂರ್ತಿ ಒಗ್ಗಿತು. "ನಮ್ ಡಾಕ್ಟ್ರೂ ಹಿಂಗೇ ನಕ್ಕಂತ ಮಾತಾಡ್ತಾನಲ್ಲಪ್ಪಾ" ಅಂದಳು. ಆ ದಿನಗಳಲ್ಲಿ ನಮ್ಮ ಕಡೆ ಬಾಗಿಲು ತೆರೆದಿದ್ದವರು ಆ ಡಾಕ್ಟರೊಬ್ಬರೇ, ಕೊಡ್ತಿದ್ದದ್ದೂ ಅದೇ ಬಿಳೀ ಸಿಹಿಗುಳಿಗೆ. ಎರಡು ದಿನ ಅಜ್ಜಿ ಡಬ್ಬಿ ಮುಟ್ಟಲಿಲ್ಲ. ಮೂರನೇ ದಿನ ಮಂಡಿನೋವು ಜಾಸ್ತಿಯಾಗಿ, ನನಗೆ ಮೊದಲು ಒಂದು ತಿನ್ನಿಸಿ, ಆಮೇಲೆ ತಾನು ತಗೊಂಡಳು.