ಅಂಬರನಾಥದ ದೇಗುಲ, ಹಳೆಯ ಕಾರು ಮತ್ತು ಒಂದು ಕೇಬಲ್

ಮುಂಬಯಿಯಿಂದ ಮಧ್ಯ ರೈಲ್ವೆಯಲ್ಲಿ ಹೊರಟು, ಕಲ್ಯಾಣದ ಮುಂದೆ ವಿಠ್ಠಲವಾಡಿ, ಉಲ್ಲಾಸನಗರಗಳನ್ನು ದಾಟಿದರೆ ಸಿಗುವ ಊರು ಅಂಬರನಾಥ. ಬದಲಾಪುರ, ಕರ್ಜತಗಳ ಕಡೆ ಹೋಗುವ ನಮ್ಮವರು ಇದನ್ನು ಡಬ್ಬಿಯ ಬಾಗಿಲಲ್ಲಿ ನಿಂತು ನೋಡಿರುತ್ತಾರೆ. ಇಳಿದು ನೋಡಿದವರು ಕಡಿಮೆ. ಕಾರ್ಖಾನೆಗಳ ಊರಿನಲ್ಲಿ ನೋಡುವುದೇನಿದೆ ಎಂದು ನೆಂಟರು ಕೇಳುವುದುಂಟು. ಅವರಿಗೆ ಉತ್ತರ ಸ್ಟೇಶನ್ನಿನ ಪೂರ್ವಕ್ಕೆ, ವಾಲಧುನಿ ನದಿಯ ದಡದಲ್ಲಿದೆ.

ಅಲ್ಲಿ ಕರಿಗಲ್ಲಿನ ಶಿವಾಲಯವೊಂದು ನಿಂತಿದೆ. ಶಾಸನದ ಪ್ರಕಾರ ಅದರ ಕಾಲ ಶಕ 982, ಅಂದರೆ ಕ್ರಿ.ಶ. 1060. ಉತ್ತರ ಕೊಂಕಣದ ಶಿಲಾಹಾರ ಅರಸ ಛಿತ್ತರಾಜನು ಆರಂಭಿಸಿದ ಕಟ್ಟಡವನ್ನು ಅವನ ತಮ್ಮ ಮುಮ್ಮುಣಿಯು ಪೂರ್ತಿಗೊಳಿಸಿದನೆಂದು ಹೇಳುತ್ತಾರೆ. ಮಿಕ್ಕ ಗುಡಿಗಳಲ್ಲಿ ದೇವರ ದರ್ಶನಕ್ಕೆ ಮೆಟ್ಟಿಲು ಹತ್ತಬೇಕು. ಇಲ್ಲಿ ಸುಮಾರು ಇಪ್ಪತ್ತು ಮೆಟ್ಟಿಲು ಇಳಿಯಬೇಕು. ಕೆಳಗೆ ಲಿಂಗ, ಮೇಲೆ ತೆರೆದ ಆಕಾಶ. ಅಂಬರದ ನಾಥನೆಂಬ ಹೆಸರು ಅಲ್ಲಿ ನಿಂತಾಗಲೇ ಅರ್ಥವಾಗುವುದು.

ಕನ್ನಡಿಗರು ಗಮನಿಸಬೇಕಾದ ಮಾತೊಂದಿದೆ. ಈ ಶಿಲಾಹಾರರು ಮೊದಲು ಮಾನ್ಯಖೇಟದ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದ, ರಾಷ್ಟ್ರಕೂಟರ ಸಾಮಂತರಾಗಿದ್ದವರು. ‘ಗಂಡರಗಂಡ’, ‘ನನ್ನಿಸಮುದ್ರ’ ಎಂಬಂಥ ಕನ್ನಡದ ಬಿರುದುಗಳನ್ನು ಹೊತ್ತವರು. ಹೊಟ್ಟೆಪಾಡಿಗೆ ಇತ್ತ ಬಂದ ಕನ್ನಡಿಗರಲ್ಲಿ ನಾವೇ ಮೊದಲಿಗರೇನಲ್ಲ ಎಂದು ಸಮಾಧಾನ ಪಟ್ಟುಕೊಳ್ಳಬಹುದು! ಆದರೆ ದೇಗುಲದ ಪಕ್ಕದ ವಾಲಧುನಿಯನ್ನು ನೋಡಿದರೆ ಮನಸ್ಸು ಕುಗ್ಗುತ್ತದೆ. ಕಾರ್ಖಾನೆಗಳ ಮತ್ತು ಮನೆಗಳ ಕೊಳೆನೀರು ಹೊತ್ತು ಅದು ಉಲ್ಲಾಸನಗರದತ್ತ ಸಾಗುತ್ತದೆ.

ಇರಲಿ, ಈಗ ಕೇಬಲ್ಲಿನ ವಿಷಯಕ್ಕೆ ಬರೋಣ. ನಮ್ಮ ಮನೆಯಲ್ಲಿರುವುದು 2009ರ ಮಾರುತಿ 800. ಕಚೇರಿಯ ಹಿರಿಯ ಸಹೋದ್ಯೋಗಿಯೊಬ್ಬರಿಂದ ಕೊಂಡದ್ದು. ಈ ಜಾತಿಯ ಕಾರು ನಮ್ಮ ದೇಶದಲ್ಲಿ 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು, 2014ರ ಜನವರಿಯಲ್ಲಿ ತಯಾರಿಕೆ ನಿಲ್ಲಿಸಿತು. ನಮ್ಮದಕ್ಕೆ 2024ರಲ್ಲಿ ಹದಿನೈದು ತುಂಬಿದಾಗ ಕಲ್ಯಾಣದ ಆರ್‌ಟಿಒ ಕಚೇರಿಯಲ್ಲಿ ತಪಾಸಣೆ ಮಾಡಿಸಿ, ಹಸಿರು ತೆರಿಗೆ ತುಂಬಿ, ಮತ್ತೆ ಐದು ವರ್ಷದ ಆಯುಷ್ಯ ಪಡೆದೆವು. ಗುಮಾಸ್ತನ ಸಂಬಳದಲ್ಲಿ ಮನೆಯ ಕಂತು, ಮಕ್ಕಳ ಫೀಜು ಕಳೆದ ಮೇಲೆ ಹೊಸ ಕಾರಿನ ಮಾತು ಎಲ್ಲಿಯದು?

ಗಣೇಶ ಚೌತಿಗೆ ಧಾರವಾಡಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು. ಕರ್ಜತ, ಖೋಪೋಲಿಯಿಂದ ಬೋರಘಾಟ ಹತ್ತಿ, ಪುಣೆ, ಸಾತಾರಾ, ಕೊಲ್ಹಾಪುರಗಳ ಮೇಲೆ ಹಾಯ್ದು, ನಿಪ್ಪಾಣಿಯಲ್ಲಿ ಕನ್ನಡ ಫಲಕ ಕಾಣುವ ದಾರಿ. ಜೊತೆಗೆ ಮಡದಿ, ಮಕ್ಕಳು, ಎಪ್ಪತ್ತು ದಾಟಿದ ತಂದೆಯವರು. ಹೊರಡಲು ಎರಡು ವಾರವಿರುವಾಗ ಆಕ್ಸಿಲರೇಟರ್ ಪೆಡಲು ಬಿರುಸಾಯಿತು. ಕಾಲು ತೆಗೆದ ಮೇಲೂ ಇಂಜಿನ್ನಿನ ಸದ್ದು ಒಂದು ಗಳಿಗೆ ತಡೆದು ಇಳಿಯುತ್ತಿತ್ತು.

ದೇಗುಲದ ರಸ್ತೆಯಲ್ಲಿರುವ ಪರಿಚಯದ ಮಿಸ್ತ್ರಿ ಬಾನೆಟ್ಟು ಎತ್ತಿ, ಕೇಬಲ್ಲಿನ ತುದಿ ತೋರಿಸಿದ. ಕವಚದೊಳಗಿನ ಹುರಿ ಹಲವು ಸಣ್ಣ ಉಕ್ಕಿನ ತಂತಿಗಳನ್ನು ಹೊಸೆದು ಮಾಡಿದ್ದು. ಅವುಗಳಲ್ಲಿ ನಾಲ್ಕಾರು ಹರಿದು ಮುಳ್ಳಿನ ಹಾಗೆ ನಿಂತಿದ್ದವು. ಇದರಲ್ಲಿ ಯಾರ ತಪ್ಪೂ ಇಲ್ಲ, ವಯಸ್ಸಿನ ಧರ್ಮ. ಹರಿದ ತಂತಿ ಕವಚಕ್ಕೆ ಸಿಕ್ಕಿಕೊಂಡರೆ ಕಾಲು ತೆಗೆದರೂ ಕಾರು ಓಡುತ್ತಲೇ ಇರುತ್ತದೆ. ಪೂರ್ತಿ ಹರಿದರೆ ಘಾಟಿನ ಏರಿನಲ್ಲಿ, ಹಿಂದೆ ಲಾರಿಗಳ ಸಾಲಿರುವಾಗ, ಇಂಜಿನ್ನಿನ ಬಲವೇ ಹೋಗುತ್ತದೆ. ಎರಡರಲ್ಲಿ ಯಾವುದೂ ಬೇಡ.

ತಂದೆಯವರು ಬಗ್ಗಿ ನೋಡಿ, “ಬಾವೀ ಹಗ್ಗ ಎಲ್ಲಿ ಹರೀತದ? ಗಡಗಡಿ ಮ್ಯಾಲ ಬಾಗೋ ಕಡೆ. ಕೊಡಾ ಬಾವ್ಯಾಗ ಬಿದ್ದ ಮ್ಯಾಲ ಹಗ್ಗ ನೋಡಿ ಏನ ಮಾಡ್ತೀಯಪಾ?” ಎಂದರು. ಯಂತ್ರಶಾಸ್ತ್ರದ ಪುಸ್ತಕವೂ ಇದಕ್ಕಿಂತ ಚೆನ್ನಾಗಿ ಹೇಳಲಾರದು. ಕೇಬಲ್ ಸವೆಯುವುದು ಬಾಗುವ ಕಡೆಯೇ, ಅದರಲ್ಲೂ ತುದಿಯ ಗುಂಡಿನ ಬಳಿ.

ಹೊಸ ಕೇಬಲ್ ತರಲು ಉಲ್ಲಾಸನಗರಕ್ಕೆ ಹೋದೆವು. ಎರಡನೇ ಮಹಾಯುದ್ಧದ ಕಾಲದ ಸೈನಿಕ ಶಿಬಿರದಲ್ಲಿ, 1947ರ ವಿಭಜನೆಯ ನಂತರ, ಸಿಂಧಿನಿಂದ ಬಂದ ನಿರಾಶ್ರಿತರು ನೆಲೆಸಿ ಬೆಳೆಸಿದ ಊರಿದು; 1949ರಲ್ಲಿ ಈ ಹೆಸರು ಪಡೆಯಿತು. ಬಡಾವಣೆಗಳಿಗೆ ಇಂದಿಗೂ ಕ್ಯಾಂಪ್ ನಂಬರುಗಳೇ ಹೆಸರು. ಎಲ್ಲ ಕಳೆದುಕೊಂಡು ಬಂದವರು ಕಟ್ಟಿದ ಪೇಟೆಯಲ್ಲಿ ಸಿಗದ ವಸ್ತುವಿಲ್ಲ. ಕೊಳ್ಳುವವನು ಮಾತ್ರ ಕಣ್ಣು ತೆರೆದಿರಬೇಕು. ಒಂದು ಅಂಗಡಿಯವನು ಕೊಟ್ಟ ಕೇಬಲ್ ನೋಡಲು ಅದೇ, ಹಳೆಯದರ ಜೊತೆ ಹಿಡಿದರೆ ನಾಲ್ಕು ಬೆರಳು ಗಿಡ್ಡ. ಮುಂದಿನ ಅಂಗಡಿಯಲ್ಲಿ ಸರಿಯಾದದ್ದು ದೊರೆಯಿತು. ಬೆಲೆ, ಮನೆಮಂದಿ ಒಮ್ಮೆ ಹೋಟೆಲಿನಲ್ಲಿ ಉಂಡದ್ದಕ್ಕಿಂತ ಕಡಿಮೆ.

ಕೆಲಸ ಹೀಗೆ ನಡೆಯಿತು. ಇಂಜಿನ್ ತಣ್ಣಗಾದ ಮೇಲೆ ಮಿಸ್ತ್ರಿ ಪಾನಾ ಹಿಡಿದು ಬ್ರಾಕೆಟ್ಟಿನ ಎರಡು ನಟ್ಟು ಸಡಿಲಿಸಿದ. ಥ್ರಾಟಲಿನ ಸನ್ನೆಯನ್ನು ಕೈಯಿಂದ ತಿರುಗಿಸಿ, ಸಡಿಲಾದ ಕೇಬಲ್ಲಿನ ಗುಂಡನ್ನು ಗಾಡಿಯಿಂದ ಜಾರಿಸಿದ. ಆಮೇಲೆ ಕಾರಿನೊಳಗೆ ತಲೆ ತೂರಿಸಿ ಪೆಡಲಿನ ಮೇಲ್ತುದಿಯಿಂದ ಇನ್ನೊಂದು ಕೊನೆ ಬಿಡಿಸಿ, ನಡುವಿನ ತಗಡಿನ ಗೋಡೆಯ ಮೂಲಕ ಎಳೆದುಕೊಂಡ. ಹೊಸದನ್ನು ಅದೇ ದಾರಿಯಲ್ಲಿ, ಚೂಪಾದ ಬಾಗಿಲ್ಲದಂತೆ, ಬಿಸಿಯಾಗುವ ಹೊಗೆಕೊಳವೆಗೆ ತಾಗದಂತೆ ಕೂಡಿಸಿದ. ಕೊನೆಗೆ ಹದ: ಕಾಲು ಇಡದಾಗ ಕೇಬಲ್ ತುಸು ಸಡಿಲಿರಬೇಕು, ಪೂರ್ತಿ ಒತ್ತಿದಾಗ ಥ್ರಾಟಲು ಪೂರ್ತಿ ತೆರೆಯಬೇಕು, ಬಿಟ್ಟೊಡನೆ ಸನ್ನೆ ಟಕ್ಕನೆ ಹಿಂದಿರುಗಬೇಕು. ನನ್ನನ್ನು ಪೆಡಲಿನ ಮೇಲೆ ಕೂಡಿಸಿ ಹತ್ತಾರು ಸಲ ಒತ್ತಿಸಿ ನೋಡಿದ ಮೇಲೆಯೇ ಇಂಜಿನ್ ಚಾಲೂ ಮಾಡಿದ.

ಹಳೆಯ ಕಾರಿಟ್ಟ ವಾಚಕರಿಗೆ ಅವನು ಹೇಳಿಕೊಟ್ಟ ಇನ್ನೊಂದು ಮಾತನ್ನೂ ತಲುಪಿಸುತ್ತೇನೆ. ಓಡುವಾಗ ಆಕ್ಸಿಲರೇಟರ್ ಸಿಕ್ಕಿಕೊಂಡರೆ ಗಾಬರಿಯಾಗಬಾರದು. ಕ್ಲಚ್ ಒತ್ತಿ ಗೇರನ್ನು ನ್ಯೂಟ್ರಲಿಗೆ ತರಬೇಕು. ಬ್ರೇಕನ್ನು ಪದೇಪದೇ ತುಳಿಯದೆ ಒಂದೇ ಸಮನೆ ಗಟ್ಟಿಯಾಗಿ ಒತ್ತಿ ಬದಿಗೆ ನಿಲ್ಲಿಸಬೇಕು. ನಿಂತ ಮೇಲೆ ಇಂಜಿನ್ ಬಂದು ಮಾಡಬೇಕು; ಓಡುವಾಗಲೇ ಕೀಲಿ ಹಿರಿದರೆ ಸ್ಟಿಯರಿಂಗಿಗೆ ಬೀಗ ಬೀಳುವ ಭಯವುಂಟು. ಹೊಸ ಕಾರುಗಳಲ್ಲಿ ಸಾಮಾನ್ಯವಾಗಿ ಈ ಕೇಬಲ್ಲೇ ಇಲ್ಲ. ಪೆಡಲಿನ ಅಪ್ಪಣೆ ವಿದ್ಯುತ್ತಿನ ಮೂಲಕ ಹೋಗುತ್ತದೆ. ಆದರೆ ನಮ್ಮಂಥವರ ಮನೆ ಮುಂದೆ ಇನ್ನೂ ಕೆಲವು ವರ್ಷ ಹಳೆಯವೇ ನಿಂತಿರುತ್ತವೆ.

ಚೌತಿಯ ಹಿಂದಿನ ದಿನ ನಸುಕಿನಲ್ಲಿ ಹೊರಟೆವು. ಬೋರಘಾಟದ ಏರಿನಲ್ಲಿ ಮಳೆ, ಮಂಜು, ಲಾರಿಗಳ ಸಾಲು ಎಲ್ಲವೂ ಇದ್ದವು. ಕಾಲು ಒತ್ತಿದಷ್ಟೇ ಕಾರು ಏರಿತು, ಬಿಟ್ಟೊಡನೆ ತಗ್ಗಿತು. ಹಿಂದಿನ ಸೀಟಿನಲ್ಲಿ ತಂದೆಯವರು ಮೊಮ್ಮಗನ ತಲೆ ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದರು. ಲೋಣಾವಳೆ ಬಂದಾಗ ಕಣ್ಣು ತೆರೆದು, “ಘಾಟ ಯಾವಾಗ ಬರ್ತದಪಾ?” ಎಂದು ಕೇಳಿದರು.