ಕರಾವಳಿಯ ಬಸ್ಸಿನಲ್ಲಿ ಎರಡು ದಿನ

ಘಟ್ಟದ ಮೇಲಿನ ಸೀಮೆಯಲ್ಲಿ ಹುಟ್ಟಿ ಬೆಳೆದ ನಮಗೆ ಬಸ್ಸೆಂದರೆ ಸರ್ಕಾರದ ಬಸ್ಸೇ. ಮಠದ ಪಾಠಶಾಲೆಯಿಂದ ರಜೆಗೆ ಊರಿಗೆ ಹೊರಟ ಬಾಲ್ಯದಲ್ಲೂ ಅದೇ, ಇಂದಿಗೂ ಅದೇ. 1961ರಲ್ಲಿ ರಾಜ್ಯದ ರಸ್ತೆ ಸಾರಿಗೆ ನಿಗಮ ಏರ್ಪಟ್ಟಿತು. 1997ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ವಾಯವ್ಯ ಸಂಸ್ಥೆ ಬೇರೆಯಾಯಿತು. ಬಸ್ಸಿನ ಮೈಮೇಲಿನ ಹೆಸರು ಬದಲಾಯಿತೇ ಹೊರತು ನಿಲ್ದಾಣದ ಕ್ರಮ ಬದಲಾಗಲಿಲ್ಲ. ಊರಿಗೊಂದು ನಿಲ್ದಾಣ, ಕಟ್ಟೆಯ ಮೇಲೆ ಊರುಗಳ ಹೆಸರು, ಮೂಲೆಯಲ್ಲೊಂದು ವಿಚಾರಣೆಯ ಕಿಟಕಿ. ಅಕ್ಷರ ಬಲ್ಲವನು ಯಾರನ್ನೂ ಕೇಳದೆ ನಾಡನ್ನೆಲ್ಲ ಸುತ್ತಿ ಬರಬಹುದು ಎಂಬುದು ನಮ್ಮ ನಂಬಿಕೆಯಾಗಿತ್ತು.

ಕಳೆದ ಮಾಘ ಮಾಸದಲ್ಲಿ ಆ ನಂಬಿಕೆ ಸಡಿಲವಾಯಿತು. ನಮ್ಮ ಹಿರಿಯಕ್ಕನವರ ಮೊಮ್ಮಗ ಮಣಿಪಾಲದಲ್ಲಿ ವಿದ್ಯಾರ್ಥಿ. ಎಪ್ಪತ್ತು ದಾಟಿದ ಅಕ್ಕನವರಿಗೆ ಅವನನ್ನು ನೋಡುವ ಆಸೆ, ಜೊತೆಗೆ ಸಮುದ್ರವನ್ನು ಒಮ್ಮೆ ಕಣ್ತುಂಬ ಕಾಣುವ ಹಂಬಲ. ಹುಡುಗನಿಗೆ ಪರೀಕ್ಷೆಯ ಸಮಯವಾದ್ದರಿಂದ ತಿರುಗಾಟದ ಭಾರ ನಮ್ಮ ಮೇಲೆಯೇ ಬಿತ್ತು.

ರಾತ್ರಿಯ ಬಸ್ಸಿನಿಂದ ಬೆಳಗಿನ ಜಾವ ಉಡುಪಿಯಲ್ಲಿಳಿದೆವು. ಶ್ರೀಕೃಷ್ಣಮಠದ ರಥಬೀದಿಯಲ್ಲಿ ನಡೆದಾಡಿ, ಕನಕನ ಕಿಂಡಿಯ ಮುಂದೆ ನಿಂತು, ಉಪಾಹಾರ ಮುಗಿಸಿಕೊಂಡು ಕಾರ್ಕಳಕ್ಕೆ ಹೊರಡಬೇಕೆಂದಾಗ ಮೊದಲ ತೊಡಕು ಎದುರಾಯಿತು. ಉಡುಪಿಯಲ್ಲಿ ನಿಲ್ದಾಣ ಒಂದಲ್ಲ. ಸರ್ಕಾರಿ ಬಸ್ಸುಗಳ ನಿಲ್ದಾಣ ಬನ್ನಂಜೆಯಲ್ಲಿದೆ. ಊರ ನಡುವೆ ಸಿಟಿ ಬಸ್ ನಿಲ್ದಾಣ, ಅಲ್ಲಿಂದ ತುಸು ನಡೆದರೆ ದೂರದೂರುಗಳಿಗೆ ಹೋಗುವ ಸರ್ವಿಸ್ ಬಸ್ ನಿಲ್ದಾಣ. ಸಂಸ್ಥೆಯ ಬಸ್ಸುಗಳೂ ಕೆಲವು ಮಾರ್ಗಗಳಲ್ಲಿ ಓಡುತ್ತವಾದರೂ ಈ ಜಿಲ್ಲೆಯ ನಿತ್ಯದ ಓಡಾಟ ಬಹುಮಟ್ಟಿಗೆ ಖಾಸಗಿಯವರದೇ. ದೇವರ ಹೆಸರು, ಮಕ್ಕಳ ಹೆಸರು ಹೊತ್ತ ಆ ಬಸ್ಸುಗಳು ನಿಮಿಷಗಳ ಲೆಕ್ಕದಲ್ಲಿ ಒಂದರ ಬೆನ್ನಿಗೊಂದು ಹೊರಡುತ್ತವೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಬೆಳಗಿನ ಬಸ್ಸು ತಪ್ಪಿದರೆ ಮಧ್ಯಾಹ್ನದವರೆಗೆ ಕಟ್ಟೆಯೇ ಗತಿ. ಇಲ್ಲಿ ಕಾಯುವ ಕಷ್ಟವಿಲ್ಲ, ಆದರೆ ಕುಳಿತು ವಿಚಾರಮಾಡಿ ಏರುವ ವ್ಯವಧಾನವೂ ಇಲ್ಲ.

ಬಸ್ಸೇರಿದ ಮೇಲೆ ಅಕ್ಕನವರು ತಮ್ಮ ಆಧಾರ್ ಕಾರ್ಡನ್ನು ಹೊರತೆಗೆದು ನಿರ್ವಾಹಕನ ಮುಂದೆ ಹಿಡಿದರು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಂದಿನಿಂದ ಅವರಿಗೆ ಅದು ರೂಢಿಯಾಗಿದೆ.

"ಅಮ್ಮ, ಇದು ಪ್ರೈವೇಟ್ ಬಸ್ ಅಲ್ವಾ, ಕಾರ್ಡ್ ನಡೆಯುದಿಲ್ಲ" ಎಂದ ಆ ಯುವಕ, ನಗದೆ, ಗದರದೆ. ಅಕ್ಕನವರ ಮುಖ ಕೆಂಪಾಯಿತು. ನಾವು ಬೇಗನೆ ಹಣ ಕೊಟ್ಟೆವು. ಆ ಸೌಲಭ್ಯ ರಾಜ್ಯದ ಸಾರಿಗೆ ಸಂಸ್ಥೆಗಳ ಬಸ್ಸುಗಳಿಗೆ ಮಾತ್ರ. ಕೂಲಿಗೂ ಕಾಲೇಜಿಗೂ ಖಾಸಗಿ ಬಸ್ಸನ್ನೇ ನಂಬಿದ ಇಲ್ಲಿನ ಹೆಣ್ಣುಮಕ್ಕಳಿಗೆ ಅದು ಅಷ್ಟರಮಟ್ಟಿಗೆ ದೂರವೇ ಉಳಿದಿದೆ. ಈ ಕಡೆಗೆ ಬರುವ ನಮ್ಮ ತಾಯಂದಿರು ಚಿಲ್ಲರೆ ಹಣವನ್ನು ಕೈಯಲ್ಲಿಟ್ಟುಕೊಂಡೇ ಬಸ್ಸೇರುವುದು ಒಳಿತು.

ಕಲ್ಸಂಕ, ಇಂದ್ರಾಳಿಗಳನ್ನು ದಾಟಿ ಬಸ್ಸು ಗುಡ್ಡವನ್ನೇರಿ ಮಣಿಪಾಲ ಸೇರಿತು. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ವೈದ್ಯಕೀಯ ಕಾಲೇಜನ್ನು ತೆರೆದ ಆ ಬೋಳುಗುಡ್ಡ ಇಂದು ವಿದ್ಯಾನಗರಿ. ಟೈಗರ್ ಸರ್ಕಲ್ಲಿನಲ್ಲಿ ಅರ್ಧ ಬಸ್ಸು ಬರಿದಾಗಿ ಮರುಕ್ಷಣವೇ ತುಂಬಿತು. ಪರ್ಕಳ, ಹಿರಿಯಡ್ಕ, ಬೈಲೂರುಗಳ ಮೇಲೆ ಹಾಯ್ದು ಕಾರ್ಕಳ ಮುಟ್ಟಿದೆವು. 1432ರ ಫೆಬ್ರವರಿ 13ರಂದು ವೀರಪಾಂಡ್ಯನು ಪ್ರತಿಷ್ಠಾಪಿಸಿದ 42 ಅಡಿಯ ಬಾಹುಬಲಿಯ ಸನ್ನಿಧಿಯಲ್ಲಿ ಅಕ್ಕನವರು ಬಹಳ ಹೊತ್ತು ಮೌನವಾಗಿ ಕುಳಿತರು. ಎದುರಿನ ದಿಬ್ಬದ ಮೇಲೆ 1586ರ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಒಂದೇ ಬಗೆಯಾಗಿ ತೆರೆದುಕೊಂಡ ಆ ಕಟ್ಟಡದಲ್ಲಿ ಎತ್ತಣಿಂದ ಒಳಹೊಕ್ಕೆವೆಂಬುದೇ ನಮಗೆ ಮರೆತುಹೋಯಿತು.

ಮರುದಿನ ಸಂಜೆ ಕಾಪುವಿಗೆ ಹೊರಟೆವು. ಉಡುಪಿಯಿಂದ ದಕ್ಷಿಣಕ್ಕೆ ಹದಿಮೂರು ಕಿಲೋಮೀಟರು. ನಾವು ಫಲಕಗಳಲ್ಲಿ ಕಾಪು ಎಂಬ ಹೆಸರನ್ನು ಹುಡುಕುತ್ತ ನಿಂತೆವು. ಎಷ್ಟೋ ಬಸ್ಸುಗಳು ಹೋದವು. ಮಂಗಳೂರಿನ ಬಸ್ಸುಗಳೆಲ್ಲ ಕಾಪುವಿನ ಮೇಲೆಯೇ ಹೋಗುತ್ತವೆಂದು ಹಣ್ಣು ಮಾರುವ ಹೆಂಗಸೊಬ್ಬಳು ತಿಳಿಸಿದಳು. ಫಲಕದಲ್ಲಿರುವುದು ಕಡೆಯ ಊರಿನ ಹೆಸರು. ನಡುವಿನ ಊರುಗಳೆಲ್ಲ ನಿರ್ವಾಹಕನ ಕೂಗಿನಲ್ಲಿರುತ್ತವೆ.

ಬಸ್ಸು ಕಿಕ್ಕಿರಿದಿತ್ತು. ಅಕ್ಕನವರನ್ನು ಮುಂದಿನ ಬಾಗಿಲಿನಿಂದ ಹೆಂಗಸರ ಕಡೆಗೆ ಹತ್ತಿಸಿ, ನಾವು ಹಿಂದಿನ ಬಾಗಿಲಿನಲ್ಲಿ ಹತ್ತಿದೆವು. ಉದ್ಯಾವರ, ಕಟಪಾಡಿ, ಪಾಂಗಾಳ. "ದುಂಬು ಪೋಲೆ, ದುಂಬು ಪೋಲೆ" ಎಂದು ನಿರ್ವಾಹಕನು ತುಳುವಿನಲ್ಲಿ ಜನರನ್ನು ಮುಂದಕ್ಕೆ ಸರಿಸುತ್ತಲೇ ಇದ್ದ. ಕಾಪು ಬಂದಿತು, ನಾವು ಇಳಿದೆವು, ಸೀಟಿ ಊದಿತು, ಬಸ್ಸು ಹೊರಟಿತು. ಅಕ್ಕನವರು ಬಸ್ಸಿನಲ್ಲಿಯೇ ಉಳಿದಿದ್ದರು.

ಅವರ ಬಳಿ ದೂರವಾಣಿಯಿರಲಿಲ್ಲ. ಅವರ ಕೈಚೀಲ, ಔಷಧಿ, ಹಣ ಎಲ್ಲವೂ ನಮ್ಮ ಹೆಗಲಿನಲ್ಲಿಯೇ. ಕೂಗಿದೆವು, ಆ ಹೆದ್ದಾರಿಯ ಸದ್ದಿನಲ್ಲಿ ಕೂಗು ಯಾರಿಗೆ ಕೇಳೀತು? ಬಸ್ಸಿನ ಹೆಸರನ್ನೂ ನಾವು ನೋಡಿಕೊಂಡಿರಲಿಲ್ಲ. ಆಗಮ, ತರ್ಕ, ವ್ಯಾಕರಣಗಳಲ್ಲಿ ನಲವತ್ತು ವರ್ಷ ಕಳೆದವರು ರಸ್ತೆಯಂಚಿನಲ್ಲಿ ಕೈಕಾಲು ನಡುಗುತ್ತ ನಿಂತಿದ್ದೆವು. ಅಂಗಡಿಯವರೊಬ್ಬರು ವಿಷಯ ಕೇಳಿ, "ಹೆದರ್ಬೇಡಿ ಮಾರಾಯ್ರೆ, ಮುಂದೆ ಉಚ್ಚಿಲ. ಆಚೆ ಬದಿಯಲ್ಲಿ ಹೋಗಿ ನಿಂತ್ಕೊಳ್ಳಿ, ವಾಪಸ್ ಕಳಿಸ್ತಾರೆ" ಎಂದರು. ಅಷ್ಟು ನಿಶ್ಚಯವಾಗಿ ಹೇಗೆ ಹೇಳಿದರೋ ನಮಗೆ ಆಗ ತಿಳಿಯಲಿಲ್ಲ.

ರಾಷ್ಟ್ರೀಯ ಹೆದ್ದಾರಿ 66ನ್ನು ದಾಟಿ ಆಚೆ ನಿಂತೆವು. ಆ ಹೊತ್ತಿನಲ್ಲಿ, ಲಂಡನ್ನಿಗೆ ಹೋಗಿ ಥೇಮ್ಸ್ ದಂಡೆಯ ಬಸವೇಶ್ವರ ಪ್ರತಿಮೆಯ ದರ್ಶನ ಪಡೆದು ಬಂದ ಭಕ್ತರೊಬ್ಬರ ಮಾತು ನೆನಪಾಯಿತು. 2014ರಿಂದ ಅಲ್ಲಿಯ ಬಸ್ಸುಗಳಲ್ಲಿ ನಗದು ಹಣ ಪಡೆಯುವುದಿಲ್ಲವಂತೆ. ಕಾರ್ಡನ್ನು ಯಂತ್ರಕ್ಕೆ ಮುಟ್ಟಿಸಬೇಕು, ಮುಂದಿನ ನಿಲ್ದಾಣದ ಹೆಸರನ್ನು ಯಂತ್ರವೇ ನುಡಿಯುತ್ತದೆ. "ಯಾರನ್ನೂ ಒಂದು ಮಾತು ಕೇಳದೆ ಊರೆಲ್ಲ ಸುತ್ತಿದೆವು ಬುದ್ಧಿ" ಎಂದು ಅವರು ಹಿಗ್ಗಿನಿಂದ ಹೇಳಿದ್ದರು. ನಾವು ಈ ಊರಿನಲ್ಲೂ ಹಾಗೆಯೇ ತಿರುಗಲು ಹೊರಟಿದ್ದೆವು. ಇಬ್ಬರಿದ್ದೇವೆ, ಕಾಪುವಿನಲ್ಲಿ ಇಳಿಸಿರಿ ಎಂದು ನಿರ್ವಾಹಕನಿಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು.

ಕಾಲು ಗಂಟೆ ಕಳೆದಿರಬೇಕು. ಉಡುಪಿಯತ್ತ ಹೊರಟ ಬಸ್ಸೊಂದು ನಿಂತಿತು. ಮುಂದಿನ ಬಾಗಿಲಿನಿಂದ ನಿರ್ವಾಹಕನ ಕೈ ಹಿಡಿದು ಅಕ್ಕನವರು ಇಳಿದರು. ಮೊದಲಿನ ಬಸ್ಸಿನವನು ಇವರ ಗಾಬರಿಯನ್ನು ಕಂಡು ಉಚ್ಚಿಲದಲ್ಲಿ ಬಸ್ಸು ನಿಲ್ಲಿಸಿ, ತಾನೇ ರಸ್ತೆ ದಾಟಿಸಿ, ಎದುರಿನಿಂದ ಬಂದ ಬಸ್ಸಿಗೆ ಒಪ್ಪಿಸಿದ್ದನಂತೆ. ಬಸ್ಸು ತುಂಬ ಜನ, ಅವನಿಗೆ ಹಿಂದಿನಿಂದ ಇನ್ನೊಂದು ಬಸ್ಸಿನ ಅವಸರ. ನಾವು ಹಣ ಕೊಡಲು ಹೋದರೆ ಈ ನಿರ್ವಾಹಕನು ಕೈಯಾಡಿಸಿ ಸೀಟಿ ಊದಿಬಿಟ್ಟ.

"ತಮ್ಮಾ, ನೀ ಭಾಳ ಓದಿದಾಂವ. ನನ್ನ ಬಿಟ್ಟು ಇಳದಿಯಲ್ಲೋ" ಎಂದರು ಅಕ್ಕನವರು. ಆಮೇಲೆ, ಪಕ್ಕದ ಮೀನುಗಾರ ಹೆಂಗಸು ಉಚ್ಚಿಲದ ಮಹಾಲಕ್ಷ್ಮಿ ಗುಡಿಯನ್ನು ಕಿಟಕಿಯಿಂದಲೇ ತೋರಿಸಿದಳೆಂದು ಸಂತೋಷಪಟ್ಟರು.

1901ರಲ್ಲಿ ಬಂಡೆಯ ಮೇಲೆ ಕಟ್ಟಿದ ದೀಪಸ್ತಂಭದ ಬುಡಕ್ಕೆ ನಾವು ಮುಟ್ಟುವ ಹೊತ್ತಿಗೆ ಸೂರ್ಯ ನೀರಿಗಿಳಿಯುತ್ತಿದ್ದ. ಅಕ್ಕನವರು ಸೆರಗನ್ನೆತ್ತಿ ಕಟ್ಟಿ ಮೊಣಕಾಲುದ್ದದ ನೀರಿನಲ್ಲಿ ನಿಂತು, ಬೊಗಸೆಯಲ್ಲಿ ನೀರೆತ್ತಿ ಕಣ್ಣಿಗೊತ್ತಿಕೊಂಡರು. ಹಿಂದಿರುಗುವಾಗ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಡುವ ಮೊದಲೇ ನಿರ್ವಾಹಕನನ್ನು ಕರೆದು ಹೇಳಿದರು: "ಯಪ್ಪಾ, ನಾವಿಬ್ಬರದೀವಿ. ಹಿಂದ ನಿಂತಾನಲ್ಲ, ಅವನೂ ನನ್ನ ಕೂಡನ ಇಳೀತಾನ."