ಖಾಲಿ ಬಿಟ್ಟ ಮನೆ

ರಸಾಯನಶಾಸ್ತ್ರದಲ್ಲಿ ನಪಾಸಾಗಿ ಕಲಾ ವಿಭಾಗಕ್ಕೆ ಬಂದವನು ನಾನು. ತಿಳಿಯದ ಪ್ರಶ್ನೆಗೂ ಏನನ್ನಾದರೂ ಗೀಚಿ ಹಾಳೆ ತುಂಬಿಸುವುದು ನನ್ನ ಹಳೆಯ ಚಾಳಿ. ಆವರ್ತ ಕೋಷ್ಟಕವನ್ನಂತೂ ಮಗ್ಗಿಯಂತೆ ಉರುಹೊಡೆದಿದ್ದೆನೇ ಹೊರತು ಅರಿತಿರಲಿಲ್ಲ.

ಮೊನ್ನೆ ಗ್ರಂಥಾಲಯದಲ್ಲಿ ಮೆಂಡಲೀವನ ವಿಚಾರ ಓದಿದೆ. 1869ರಲ್ಲಿ ಆತ ಮೂಲವಸ್ತುಗಳನ್ನು ಪರಮಾಣು ತೂಕದ ಕ್ರಮದಲ್ಲಿರಿಸಿ, ಗುಣದಲ್ಲಿ ಹೋಲುವವನ್ನು ಒಂದೇ ಗುಂಪಿಗೆ ಸೇರಿಸಿದ. ಗುಣ ಹೊಂದದಿದ್ದೆಡೆ ಯಾವುದನ್ನೂ ತುರುಕದೆ ಮನೆಯನ್ನು ಖಾಲಿ ಬಿಟ್ಟ. ಸಿಲಿಕಾನಿನ ಕೆಳಗೆ ಬರಬೇಕಾದುದರ ತೂಕ ಸುಮಾರು 72 ಎಂದು 1871ರಲ್ಲಿ ಹೇಳಿದ. 1886ರಲ್ಲಿ ವಿಂಕ್ಲರನಿಗೆ ಜರ್ಮೇನಿಯಂ ದೊರೆಯಿತು; ಅದರ ತೂಕ 72.6! ಇಂದು ಪರಮಾಣು ಸಂಖ್ಯೆಯ ಕ್ರಮದಲ್ಲಿ 118 ಮನೆಗಳು ತುಂಬಿವೆ.

ಕಳೆದ ಪರೀಕ್ಷೆಯಲ್ಲಿ ತಿಳಿಯದ ಪ್ರಶ್ನೆಯೊಂದನ್ನು ಹಾಗೆಯೇ ಬಿಟ್ಟುಬಂದೆ. ಅಂಕ ಹೋಯಿತು. ಆದರೆ ಇನ್ನು ಓದಬೇಕಾದುದು ಯಾವುದೆಂಬುದು ಸ್ಪಷ್ಟವಾಯಿತು.